ಹಿನ್ನೀರಿನ ಹಕ್ಕಿಗಳೂ ಶಾಲೆಯ ಪ್ರಾಜೆಕ್ಟೂ

ನೀರಿನ ಆಸುಪಾಸಿನ ಜೀವಿಗಳ ಮೇಲೆ ಪ್ರಾಜೆಕ್ಟು ಮಾಡಲು ಬಾಗಲಕೋಟೆ ಜಿಲ್ಲೆಯ ಮಕ್ಕಳು ದೂರ ಹೋಗಬೇಕಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಈ ಜಿಲ್ಲೆಯಲ್ಲೇ ಹರಿದು ಇಲ್ಲಿಯೇ ಕೂಡುತ್ತವೆ. ಘಟಪ್ರಭೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ ಮಲಪ್ರಭೆ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಸೇರುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಅಂಚಿಗೇ ಬಂದು ನಿಂತಿದೆ. ಊರಿಗೆ ಹತ್ತಿರದಲ್ಲೇ ಬ್ರಿಟಿಷರ ಕಾಲದ ಮುಚಖಂಡಿ ಕೆರೆ ಇದೆ. ಬಾದಾಮಿಯಲ್ಲಿ ಚಾಲುಕ್ಯರ ಗುಹಾಲಯಗಳ ಕೆಳಗೆ ಅಗಸ್ತ್ಯತೀರ್ಥ, ಅದೇ ತಾಲ್ಲೂಕಿನಲ್ಲಿ ಕೆಂದೂರು ಕೆರೆ; ಹುನಗುಂದ, ಇಳಕಲ್ ಕಡೆ ಎರೆಹೊಲಗಳ ನಡುವೆ ಹಳ್ಳಕೊಳ್ಳಗಳು. ಬಿಸಿಲು ನಾಡೆಂದು ಹೆಸರಾದ ಈ ಸೀಮೆಯಲ್ಲಿ ನೀರಹಕ್ಕಿಗಳಿಗೆ ಇಷ್ಟೊಂದು ನೆಲೆಗಳಿವೆ ಎಂಬುದು ಇಲ್ಲಿಯವರಿಗೇ ಒಮ್ಮೊಮ್ಮೆ ಮರೆತುಹೋಗುತ್ತದೆ.

ಇವುಗಳಲ್ಲಿ ದೊಡ್ಡದು ಆಲಮಟ್ಟಿ ಹಿನ್ನೀರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟಿನ ಗರಿಷ್ಠ ಮಟ್ಟ ಈಗ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ ಅಡಿ. ಈ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ತುಂಬಿ, ಕಾಲುವೆಗೆ ಬಿಡುತ್ತ ಬಂದಂತೆ ಚಳಿಗಾಲದಿಂದ ಇಳಿಯತೊಡಗುತ್ತದೆ. ಇಳಿದಲ್ಲೆಲ್ಲ ಕೆಸರು ತೇಲುತ್ತದೆ. ಮೊಣಕಾಲುದ್ದದ ನೀರು ಮೈಲುಗಟ್ಟಲೆ ಹರಡುತ್ತದೆ. ಹಕ್ಕಿಗಳಿಗೆ ಬೇಕಾದದ್ದು ಈ ಅಂಚು. ನಡುನೀರಿನ ಆಳದಲ್ಲಿ ಅವಕ್ಕೆ ಹೆಚ್ಚಿನ ಕೆಲಸವಿಲ್ಲ.

ಫ್ಲೆಮಿಂಗೊ, ಅಂದರೆ ರಾಜಹಂಸವನ್ನೇ ನೋಡಬಹುದು. ಉದ್ದ ಕಾಲೂರಿ ನಿಂತು, ಕತ್ತನ್ನು ಬಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿಗಿಡುತ್ತದೆ. ನಾಲಗೆಯಿಂದ ಕೆಸರುನೀರನ್ನು ಒಳಗೆಳೆದು ಹೊರಗೆ ತಳ್ಳುವಾಗ ಕೊಕ್ಕಿನ ಒಳಗಿನ ಜಾಲರಿಯಂಥ ಅಂಚಿನಲ್ಲಿ ಸಣ್ಣ ಹುಳು, ಪಾಚಿ, ಸಿಗಡಿಯಂಥ ಜೀವಿಗಳು ಉಳಿಯುತ್ತವೆ. ಮೇಯುತ್ತ ಹೋದ ದಾರಿಯಲ್ಲಿ ನೀರು ಕದಡಿ ಬಣ್ಣ ಬದಲಾಗಿರುತ್ತದೆ. ದೂರದಿಂದಲೂ ಗೆರೆಯಂತೆ ಕಾಣುತ್ತದೆ. ನೀರು ಕಾಲಿಗಿಂತ ಆಳವಾದರೆ ಈ ಮೇವು ಸಿಗದು. ಹೆರಕಲ್, ಚಿಕ್ಕಸಂಗಮದ ಕಡೆ ಅವು ಬರುವ ಹೊತ್ತೂ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಬದಲಾಗುವುದಕ್ಕೆ ಒಂದು ದೊಡ್ಡ ಕಾರಣ ನೀರಿನ ಮಟ್ಟ.

ಪಟ್ಟೆತಲೆ ಹೆಬ್ಬಾತಿನ ರೀತಿಯೇ ಬೇರೆ. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯ ದಾಟಿ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಇಳಿಯುತ್ತದೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಗಲಲ್ಲಿ ನೀರಿನ ಮೇಲೆ ವಿಶ್ರಮಿಸುವ ಇವು ಮೇವಿಗೆ ಹೊಲಕ್ಕೆ ಹೋಗುತ್ತವೆ; ಶೇಂಗಾ, ಕಡಲೆ ಬೆಳೆದ ರೈತರಿಗೆ ಇದು ನಷ್ಟದ ಮಾತು. ಹಾಗಾಗಿ ಹೆಬ್ಬಾತಿನ ಮೇಲಿನ ಪ್ರಾಜೆಕ್ಟು ಕೆರೆಯ ದಂಡೆಯಲ್ಲಿ ಮುಗಿಯುವುದಿಲ್ಲ. ಪಕ್ಕದ ಹೊಲದ ಮಾಲೀಕರನ್ನು ಕೇಳದಿದ್ದರೆ ಅರ್ಧ ಕತೆ ಕೈತಪ್ಪಿದಂತೆ.

ಇವುಗಳ ಜೊತೆಗೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆ, ನಾಮದ ಕೋಳಿ, ಮಿಂಚುಳ್ಳಿ, ಟಿಟ್ಟಿಭಗಳಿವೆ. ನದಿ ರೀವ ಬೇಸಿಗೆಯಲ್ಲಿ ನೀರು ಇಳಿದು ತೇಲಿದ ಮರಳುದಿಬ್ಬ, ನಡುಗಡ್ಡೆಗಳ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ಮಟ್ಟ ಥಟ್ಟನೆ ಏರಿದರೆ ಮೊಟ್ಟೆಗಳು ಮುಳುಗುತ್ತವೆ; ಅತಿಯಾಗಿ ಇಳಿದರೆ ನಡುಗಡ್ಡೆ ದಂಡೆಗೆ ಕೂಡಿಕೊಂಡು ನಾಯಿಗಳಿಗೆ ದಾರಿಯಾಗುತ್ತದೆ. ಹೊಳೆಯಲ್ಲಿ ಮೊಸಳೆಗಳೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಮಕ್ಕಳು ನೀರಿಗೆ ಇಳಿಯದೆ ದಂಡೆಯಿಂದಲೇ ನೋಡಬೇಕೆಂಬ ಕಟ್ಟುನಿಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಕಾನೂನಿನಲ್ಲಿ ಈ ಹಿನ್ನೀರಿನ ಸ್ಥಿತಿ ವಿಚಿತ್ರವಾಗಿದೆ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದ ಮನುಷ್ಯ ಕಟ್ಟಿದ ಕೆರೆ, ಜಲಾಶಯಗಳನ್ನೂ ಜೌಗು ಪ್ರದೇಶವೆಂದೇ ಎಣಿಸುತ್ತದೆ. ಭಾರತ 1982ರಲ್ಲಿ ಅದನ್ನು ಸೇರಿತು. ಆದರೆ ನಮ್ಮ ದೇಶದ 2017ರ ಜೌಗು ಪ್ರದೇಶಗಳ ನಿಯಮಗಳು ನದೀಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೂ ನೀರಾವರಿಗೂ ಎಂದೇ ಕಟ್ಟಿದ ಜಲಾಶಯಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅಂದರೆ ಹಕ್ಕಿ ಬಂದಿಳಿಯುವ ಹಿನ್ನೀರಿಗೆ ಆ ನಿಯಮಗಳ ಆಸರೆ ಸಿಗದು. ಇದರರ್ಥ ದಾರಿಯೇ ಇಲ್ಲವೆಂದಲ್ಲ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ನೀರಾವರಿಗೆ ಕಟ್ಟಿದ ಕೆರೆಗಳೇ. ವನ್ಯಜೀವಿ ಕಾಯ್ದೆಯಡಿ ಅವು ಸಂರಕ್ಷಣಾ ಮೀಸಲುಗಳಾದವು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಯನ್ನೂ ಸೇರಿದವು. ಇಂಥ ಮನ್ನಣೆಗೆ ಮೊದಲು ಬೇಕಾಗುವುದು ಯಾವ ಹಕ್ಕಿ, ಎಷ್ಟು, ಯಾವ ತಿಂಗಳಲ್ಲಿ ಎಂಬ ವರ್ಷಾನುವರ್ಷದ ದಾಖಲೆ.

ಶಾಲೆಯ ಪ್ರಾಜೆಕ್ಟಿಗೆ ಬೆಲೆ ಬರುವುದು ಇಲ್ಲಿ. ರೂಪಣಾತ್ಮಕ ಮೌಲ್ಯಮಾಪನದ ಅಂಕಕ್ಕಾಗಿ ಸ್ಟೇಷನರಿ ಅಂಗಡಿಯ ಚಿತ್ರಪಟ ಕತ್ತರಿಸಿ ಅಂಟಿಸಿದ ಹಾಳೆ, ಥರ್ಮಾಕೋಲಿನ ಕೆರೆ, ಹತ್ತಿಯ ಕೊಕ್ಕರೆ ಎಲ್ಲ ಶಾಲೆಗಳಲ್ಲೂ ಕಾಣುತ್ತವೆ. ಅವುಗಳಲ್ಲಿ ಮಕ್ಕಳ ಶ್ರಮವೂ ಪಾಲಕರ ದುಡ್ಡೂ ಇರುತ್ತದೆ, ಇಲ್ಲದಿರುವುದು ಊರಿನ ಕೆರೆ. ಅಂಥ ಪ್ರಾಜೆಕ್ಟಿನ ಕೊನೆಯಲ್ಲಿ ಬರೆಯುವ ‘ನನ್ನ ಅನಿಸಿಕೆ’ಯೂ ಪರಿಸರ ಉಳಿಸೋಣ ಎಂಬ ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತದೆ. ದಂಡೆಯ ಮೇಲೆ ನಿಂತು ಬರೆದ ಅನಿಸಿಕೆ ಹಾಗಿರುವುದಿಲ್ಲ. ಈ ವಾರ ಹಕ್ಕಿ ಏಕೆ ಕಡಿಮೆ, ಕಳೆದ ತಿಂಗಳ ದಿಬ್ಬ ಏಕೆ ಕಾಣುತ್ತಿಲ್ಲ, ತಾನು ನೀರುಕಾಗೆ ಎಂದು ಬರೆದದ್ದು ಬೇರೆ ಹಕ್ಕಿಯೇ ಇರಬಹುದೇ ಎಂಬ ಸ್ವಂತ ಪ್ರಶ್ನೆಗಳು ಅದರಲ್ಲಿರುತ್ತವೆ. ಇಂಥ ಅನುಮಾನ ಬರೆದಿಟ್ಟ ವಿದ್ಯಾರ್ಥಿಗೆ ಹೆಚ್ಚು ಅಂಕ ಸಿಗಬೇಕು.

1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೇ ದಾರಿಯದು. ಹತ್ತರಿಂದ ಹದಿನೇಳು ವಯಸ್ಸಿನವರು ತಮ್ಮ ಊರಿನ ಒಂದು ಸಮಸ್ಯೆಯನ್ನು ಆರಿಸಿ, ಮಾಹಿತಿ ಕೂಡಿಸಿ, ವರದಿ ಮಂಡಿಸುವ ಈ ಕಾರ್ಯಕ್ರಮವನ್ನು ನಮ್ಮಲ್ಲಿ ನಡೆಸುತ್ತ ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ದುಬಾರಿ ಉಪಕರಣ ಅದಕ್ಕೆ ಬೇಕಿಲ್ಲ.

ಹಿನ್ನೀರಿನ ಹಕ್ಕಿಗಳ ಪ್ರಾಜೆಕ್ಟಿಗೂ ನೋಟ್‌ಬುಕ್ಕು, ಗಡಿಯಾರ, ಸಾಧ್ಯವಾದರೆ ಶಾಲೆಗೊಂದು ದುರ್ಬೀನು ಸಾಕು. ದಂಡೆಯ ಒಂದು ಜಾಗ ಗೊತ್ತುಮಾಡಿಕೊಂಡು, ಶಿಕ್ಷಕರೊಡನೆ ಪ್ರತಿಸಲವೂ ಅಲ್ಲಿಂದಲೇ, ಅದೇ ಹೊತ್ತಿಗೆ, ಅಷ್ಟೇ ನಿಮಿಷ ಎಣಿಸಬೇಕು. ದೊಡ್ಡ ಹಿಂಡಿದ್ದರೆ ಹತ್ತು ಹಕ್ಕಿಗಳ ಗುಂಪು ಎಷ್ಟಗಲ ಇದೆಯೆಂದು ಕಣ್ಣಳತೆ ಹಿಡಿದು, ಹಿಂಡಿನಲ್ಲಿ ಅಂಥವು ಎಷ್ಟೆಂದು ಲೆಕ್ಕಹಾಕಬೇಕು. ಹಕ್ಕಿ ಕಾಣದ ದಿನ ಸೊನ್ನೆ ಎಂದು ಬರೆಯಬೇಕು. ಆ ಸೊನ್ನೆಯೂ ಮಾಹಿತಿಯೇ. ಇದರೊಡನೆ ಆಲಮಟ್ಟಿಯ ಅಂದಿನ ಮಟ್ಟವನ್ನೂ ಬರೆದುಕೊಂಡರೆ ಪ್ರಾಜೆಕ್ಟಿಗೆ ಬೆನ್ನೆಲುಬು ಬಂದಂತೆ. ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಗ್ರಾಫ್ ಹಾಳೆಯಲ್ಲಿ ಒಂದು ಗೆರೆ ನೀರಿನದು, ಇನ್ನೊಂದು ಹಕ್ಕಿಯದು. ನೀರು ಎಷ್ಟಕ್ಕೆ ಇಳಿದಾಗ ಯಾವ ಹಕ್ಕಿ ಬಂತೆಂಬುದು ಗಣಿತ ಪಾಠದ ಗ್ರಾಫಿನಲ್ಲೇ ಮೂಡುತ್ತದೆ.

ಮೀನುಗಾರರ ಮಾತಿಗೂ ವರದಿಯಲ್ಲಿ ಜಾಗ ಬೇಕು. ಬಲೆ ಎಲ್ಲಿ ಹಾಕುತ್ತಾರೆ, ಹರಿದ ನೈಲಾನ್ ಬಲೆ ಎಲ್ಲಿ ಬೀಳುತ್ತದೆ, ಅದರಲ್ಲಿ ಹಕ್ಕಿ, ಆಮೆ ಸಿಕ್ಕಿಕೊಂಡದ್ದುಂಟೇ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರದು. ದಂಡೆಗೆ ಬಿದ್ದ ಬಲೆಯ ತುಂಡುಗಳನ್ನು ಹಿರಿಯರ ಜೊತೆ ಆರಿಸಿ ತೆಗೆಯುವುದು ಶಾಲೆಯೊಂದು ಕೈಲಾದಷ್ಟು ಮಾಡಬಹುದಾದ ನೇರ ರಕ್ಷಣೆ. ಗೂಡಿನ ಹತ್ತಿರ ಸುಳಿಯದಿರುವುದು, ಫೋಟೊಗಾಗಿ ಹಿಂಡನ್ನು ಎಬ್ಬಿಸದಿರುವುದು, ಸತ್ತ ಹಕ್ಕಿಯನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು ಕೂಡ ರಕ್ಷಣೆಯ ಕೆಲಸವೇ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟವರು. 2007ರಲ್ಲಿ ಆ ಊರು ಸಮುದಾಯ ಮೀಸಲು ಎನಿಸಿತು.

ಬಾಗಲಕೋಟೆಯಲ್ಲಿ ಈ ದಾಖಲೆಗೆ ಇನ್ನೊಂದು ತುರ್ತು ಇದೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ನಾಲ್ಕೂವರೆ ಮೀಟರಿಗೂ ಮಿಕ್ಕ ಏರಿಕೆ ಅದು. ಹಾಗಾದಾಗ ಇನ್ನಷ್ಟು ಹಳ್ಳಿ, ಹೊಲಗಳು ಮುಳುಗುತ್ತವೆ. ಈಗಿನ ಕೆಸರಂಚು ಬೇರೆಡೆಗೆ ಸರಿಯುತ್ತದೆ. ಮನೆಮಠ ಕಳೆದುಕೊಳ್ಳುವವರ ಅಳಲು ಮೊದಲನೆಯದು, ಅದನ್ನು ಈ ಜಿಲ್ಲೆ ಮುಳುಗಡೆಯಾದ ಬಾಗಲಕೋಟೆಯವರಿಗೆ ನವನಗರ ಕಟ್ಟಿದ ಕಾಲದಿಂದ ಬಲ್ಲದು. ಅದರ ಜೊತೆಗೆ ಹಕ್ಕಿಗಳ ನೆಲೆ ಏನಾಯಿತೆಂದು ಮುಂದೆ ಕೇಳುವವರಿಗೆ, ಮುಂಚೆ ಏನಿತ್ತೆಂದು ಹೇಳುವ ಕಾಗದ ಬೇಕಾಗುತ್ತದೆ. ಇಂದಿನ ಎಂಟನೇ, ಒಂಬತ್ತನೇ ತರಗತಿಯವರ ನೋಟ್‌ಬುಕ್ಕು ಅಂಥ ಕಾಗದವಾಗಬಲ್ಲದು.

ಹಾಗಾಗಬೇಕಾದರೆ ಅಂಕ ಬಂದ ಮೇಲೆ ವರದಿ ರದ್ದಿಗೆ ಹೋಗಬಾರದು. ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿದ್ದರೆ ಮುಂದಿನ ವರ್ಷದ ಮಕ್ಕಳು ಅದೇ ಜಾಗದಿಂದ ಎಣಿಕೆ ಮುಂದುವರಿಸುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಟ್ಟುಕೊಳ್ಳಬೇಕು. ಇನ್ನೊಂದು ಪ್ರತಿ ಅಲ್ಲಿಗೆ ಸಲ್ಲುತ್ತದೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರಹಕ್ಕಿ ಗಣತಿಗೂ ಸ್ವಯಂಸೇವಕರ ಎಣಿಕೆಯೇ ಆಧಾರ. ಹಕ್ಕಿ, ತಾರೀಕು, ಜಾಗ, ಹೊತ್ತು, ಸಂಖ್ಯೆ ಈ ಐದೂ ಸರಿಯಾಗಿದ್ದರೆ ಮುಚಖಂಡಿ ಕೆರೆಯ ಎಣಿಕೆಯೂ ಕೂಡಲಸಂಗಮದ ಎಣಿಕೆಯೂ ಅದಕ್ಕೆ ಸೇರಬಲ್ಲವು.