ನೆಲದೊಳಗಿನ ಉಗ್ರಾಣ: ಇಪೋಮಿಯ ಬೋಲುಸಿಯಾನ

ನಮ್ಮ ನಾಡಿನ ಸಿಹಿಗೆಣಸನ್ನು ಅರಿಯದವರಾರು? ಗೆಣಸಿನ ಬಳ್ಳಿಯೂ ನೆಲದ ಮೇಲೆ ಹರಡುವ ನೀಲಿ ಹೂವಿನ ವಿಷ್ಣುಕ್ರಾಂತಿಯೂ ಕನ್ವಾಲ್ವ್ಯುಲೇಸೀ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಬೆಳಗಿನಲ್ಲಿ ಅರಳಿ, ಬಿಸಿಲೇರಿದಂತೆ ಬಾಡುವ ಆಲಿಕೆಯಾಕಾರದ ಹೂ ಈ ಮನೆತನದ ಅನೇಕ ಸಸ್ಯಗಳ ಗುರುತು. ಇದೇ ಮನೆತನದಲ್ಲಿ ಹುಟ್ಟಿ, ಆಫ್ರಿಕ ಖಂಡದ ದಕ್ಷಿಣ ಭಾಗದಲ್ಲಿಯೂ ಮಡಗಾಸ್ಕರ್ ದ್ವೀಪದಲ್ಲಿಯೂ ನೆಲೆಸಿರುವ ಸಸ್ಯವೇ ಇಪೋಮಿಯ ಬೋಲುಸಿಯಾನ.

1888ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದವರು ಸ್ವಿಟ್ಜರ್ಲೆಂಡಿನ ಹಾನ್ಸ್ ಷಿನ್ಜ್. ಈ ಹೆಸರು ಹ್ಯಾರಿ ಬೋಲಸ್ (1834-1911) ಅವರ ಸ್ಮರಣೆಯನ್ನು ಹೊತ್ತಿದೆ. ವ್ಯವಹಾರ ವೃತ್ತಿಯಲ್ಲಿದ್ದೂ ಸಸ್ಯಾಧ್ಯಯನಕ್ಕೆ ಬಾಳನ್ನು ಮೀಸಲಿಟ್ಟ ಈ ಮಹನೀಯರು 1865ರಲ್ಲಿ ಆರಂಭಿಸಿದ ಒಣಸಸ್ಯ ಸಂಗ್ರಹವು ಮುಂದೆ ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಸಂಪತ್ತಾಯಿತು.

ಈ ಸಸ್ಯದ ವೈಶಿಷ್ಟ್ಯವಿರುವುದು ಅದರ ನಸುಗೆಂಪು ಹೂವಿನಲ್ಲಿ ಮಾತ್ರವಲ್ಲ, ಬುಡದಲ್ಲಿ. ಬೇರು ಮತ್ತು ಕಾಂಡಗಳು ಕೂಡುವೆಡೆಯಲ್ಲಿ ಉಬ್ಬಿ ಬೆಳೆದು, ನೀರನ್ನೂ ಆಹಾರವನ್ನೂ ಕೂಡಿಡುವ ಭಾಗಕ್ಕೆ ಕಾಡೆಕ್ಸ್ ಎಂದು ಹೆಸರು. ಇದನ್ನು ನಾವು ಬುಡಗಡ್ಡೆ ಎನ್ನಬಹುದು. ಮಳೆಗಾಲದಲ್ಲಿ ಎಲೆಗಳು ಬಿಸಿಲಿನ ನೆರವಿನಿಂದ ತಯಾರಿಸಿದ ಆಹಾರವು ಗಡ್ಡೆಯಲ್ಲಿ ಶೇಖರವಾಗುತ್ತದೆ. ಒಣಗಾಲ ಬಂದೊಡನೆ ಬಳ್ಳಿಯೂ ಎಲೆಯೂ ಒಣಗುತ್ತವೆ. ನೋಡಿದವರಿಗೆ ಗಿಡ ಸತ್ತಂತೆ ತೋರಿದರೂ ಜೀವ ಮಣ್ಣಿನೊಳಗೆ ಸುರಕ್ಷಿತವಾಗಿರುತ್ತದೆ. ಹುಲ್ಲುಗಾವಲಿಗೆ ಬೆಂಕಿ ಬಿದ್ದರೂ ಮೇಲಿನ ಮಣ್ಣೇ ಗಡ್ಡೆಗೆ ರಕ್ಷಾಕವಚ. ಮತ್ತೆ ಮಳೆ ಬಿದ್ದಾಗ ಹೊಸ ಚಿಗುರು ಮೂಡುತ್ತದೆ.

ಗಡ್ಡೆಯ ವಿಚಿತ್ರ ರೂಪಕ್ಕೆ ಮರುಳಾದ ಸಸ್ಯಪ್ರಿಯರು ಇದನ್ನು ಕುಂಡದಲ್ಲಿ ನೆಟ್ಟು, ಗಡ್ಡೆ ಮಣ್ಣಿನ ಮೇಲೆ ಕಾಣುವಂತೆ ಬೆಳೆಸುತ್ತಾರೆ. ಎಲೆಯುದುರಿ ವಿಶ್ರಮಿಸುವ ಕಾಲದಲ್ಲಿ ನೀರು ಹೆಚ್ಚಾದರೆ ಗಡ್ಡೆ ಕೊಳೆಯುತ್ತದೆ. ಬರವನ್ನು ಗೆದ್ದ ಗಿಡ ಅತಿಯಾದ ಉಪಚಾರದಿಂದ ಸಾಯುವುದುಂಟು!

ಇಂತಹ ಸಸ್ಯಗಳ ಮೇಲಿನ ಮೋಹಕ್ಕೆ ಕರಾಳ ಮುಖವೂ ಇದೆ. ಕಾಡುಗಿಡಗಳನ್ನು ಕಿತ್ತು ಮಾರುವ ಅಕ್ರಮ ದಂಧೆ ದಕ್ಷಿಣ ಆಫ್ರಿಕದಲ್ಲಿ ಬೆಳೆದುದರಿಂದ, ಅಲ್ಲಿಯ ಸರಕಾರವು ಒಣನಾಡಿನ ರಸಭರಿತ ಸಸ್ಯಗಳ ರಕ್ಷಣೆಗಾಗಿ 2022ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆಯನ್ನೇ ರೂಪಿಸಬೇಕಾಯಿತು. ಎಲೆ ಕಿತ್ತರೆ ಗಿಡ ಮತ್ತೆ ಚಿಗುರೀತು. ಗಡ್ಡೆಯನ್ನೇ ಅಗೆದೊಯ್ದರೆ ಅನೇಕ ವರ್ಷಗಳ ಸಂಚಯವೂ, ಮುಂದೆ ಅದು ಉದುರಿಸಬೇಕಾಗಿದ್ದ ಬೀಜಗಳೂ ಆ ನೆಲಕ್ಕೆ ಇಲ್ಲವಾಗುತ್ತವೆ. ಬೀಜದಿಂದ ಬೆಳೆಸಿದ ಸಸಿಯನ್ನು ಕೊಂಡು, ಗಡ್ಡೆ ಕಟ್ಟುವವರೆಗೆ ವರ್ಷಗಟ್ಟಲೆ ಕಾಯುವ ತಾಳ್ಮೆಯುಳ್ಳವನೇ ನಿಜವಾದ ಸಸ್ಯಪ್ರೇಮಿ. ಆ ತಾಳ್ಮೆಯನ್ನು ಕಲಿಸಲು ಈ ಗಿಡಕ್ಕಿಂತ ಉತ್ತಮ ಗುರು ಬೇಕಿಲ್ಲ.