ನೊಂದ ಕಾಲಿಗೆ ಅಳತೆಯ ದುಡಿಮೆ

ಮಕ್ಕಳು ಆಡುವ ಮನೆಯಲ್ಲಿ ಕಾಲಿನ ಉಳುಕು ಹೊಸ ಸಂಗತಿಯಲ್ಲ. ಮುಂಬಯಿಯ ಚಾಳಿನ ಅಂಗಳವಿರಲಿ, ಹೈದರಾಬಾದಿನ ಶಾಲೆಯ ಬಯಲಿರಲಿ, ಸಂಜೆಯಾಗುವ ಹೊತ್ತಿಗೆ ಒಬ್ಬನಾದರೂ ಕುಂಟುತ್ತ ಮನೆ ಸೇರುವುದುಂಟು. ಈಗೀಗ ಕುಂಟುವವರು ಮಕ್ಕಳು ಮಾತ್ರವೂ ಅಲ್ಲ. ಜನವರಿಯ ಮುಂಬಯಿ ಮ್ಯಾರಥಾನಿಗೆಂದು ನಲವತ್ತು ದಾಟಿದ ತಂದೆ ಓಡತೊಡಗುತ್ತಾರೆ. ತಾಯಿ ಬ್ಯಾಡ್ಮಿಂಟನ್ ರಾಕೆಟ್ಟು ಹಿಡಿಯುತ್ತಾರೆ. ಇದು ಸಂತೋಷದ ಮಾತೇ. ಆದರೆ ಕಾಲು ನೊಂದ ದಿನ ಮನೆಯಲ್ಲಿ ಸೇರುವ ಪಂಚಾಯಿತಿಯನ್ನು ನೋಡಬೇಕು! ಅಜ್ಜಿ ಎಣ್ಣೆ ಕಾಯಿಸಿ ನೀವಬೇಕೆನ್ನುತ್ತಾರೆ. ಪಕ್ಕದ ಮನೆಯವರು ಐಸು ಇಡಿ ಎನ್ನುತ್ತಾರೆ. ಅಪ್ಪ, “ಒಂದು ತಿಂಗಳು ಮಂಚ ಬಿಟ್ಟು ಏಳಕೂಡದು” ಎಂದು ಅಪ್ಪಣೆ ಮಾಡುತ್ತಾರೆ. ನೊಂದವಳು ಹುಡುಗಿಯಾಗಿದ್ದರೆ ತೀರ್ಪು ಇನ್ನೂ ಕಠಿನ: “ಇನ್ನು ಆಟ ಸಾಕು. ನಾಳೆ ಮದುವೆಯಾಗಬೇಕಾದವಳು.”

ಹೀಗೆ ಕೆಲವು ವಾರಗಳಲ್ಲಿ ನೆಟ್ಟಗಾಗಬಹುದಾಗಿದ್ದ ಒಂದು ಉಳುಕು ಒಂದು ಆಟವನ್ನೇ, ಕೆಲವರಿಂದ ಬದುಕಿನುದ್ದದ ಚಟುವಟಿಕೆಯನ್ನೇ ಕಸಿದುಕೊಳ್ಳುತ್ತದೆ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುವುದು ಲೇಸು. ಸೊಂಟದಿಂದ ಕೆಳಗಿನ ಆಟದ ಗಾಯಗಳಲ್ಲಿ ಬಹುಪಾಲು ಗುಣವಾಗುವುದು ಮಲಗಿಕೊಂಡಿರುವುದರಿಂದಲ್ಲ, ಅಳತೆಯಿಟ್ಟು ದುಡಿಸುವುದರಿಂದ. ಫಿಸಿಯೋಥೆರಪಿ ಎಂಬ ವಿದ್ಯೆಯ ತಿರುಳು ಇದೇ.

ಈ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ್ದು ಮುಂಬಯಿಯಲ್ಲಿ ಎಂಬುದು ಅಲ್ಲಿನ ಕನ್ನಡಿಗರಿಗೆ ತಿಳಿದಿದ್ದರೆ ಚೆನ್ನು. ಪೋಲಿಯೋ ಪಿಡುಗು ಮಕ್ಕಳ ಕಾಲುಗಳನ್ನು ಸೊರಗಿಸುತ್ತಿದ್ದ ಕಾಲದಲ್ಲಿ, ೧೯೫೦ರ ದಶಕದ ಆರಂಭಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ತೆರೆಯಿತು. ಸೋತ ಸ್ನಾಯುವಿಗೆ ಮತ್ತೆ ಕೆಲಸ ಕಲಿಸುವ ವಿದ್ಯೆಯೇ ಇಂದು ಆಟಗಾರನ ಮೊಣಕಾಲಿಗೂ ಬಂದಿದೆ.

ಮಂಚದ ಕಾಲ ಹೋಯಿತು

ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ೧೯೭೮ರಲ್ಲಿ ಆಟದ ಗಾಯಗಳಿಗೆ ನಾಲ್ಕು ಉಪಚಾರಗಳ ಸೂತ್ರವೊಂದನ್ನು ಕೊಟ್ಟರು: ವಿಶ್ರಾಂತಿ, ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು. ಲೋಕವೆಲ್ಲ ಅದನ್ನು ಒಪ್ಪಿತು. ೨೦೧೪ರಲ್ಲಿ ಅದೇ ಮಿರ್ಕಿನ್, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ಬರೆದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಅದಕ್ಕೂ ಮೊದಲೇ, ೨೦೧೨ರಲ್ಲಿ, ಬ್ರಿಟನ್ನಿನ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ವಿಶ್ರಾಂತಿ ಎಂಬ ಪದದ ಜಾಗಕ್ಕೆ ರಕ್ಷಣೆ ಮತ್ತು ತಕ್ಕಷ್ಟು ಭಾರ ಎಂಬ ಮಾತುಗಳು ಬಂದಿದ್ದವು.

ಇದರ ಕಾರಣ ಸರಳವಾಗಿದೆ. ಸ್ನಾಯು, ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್, ಎಲುಬನ್ನು ಎಲುಬಿಗೆ ಬಿಗಿಯುವ ಲಿಗಮೆಂಟ್, ಇವೆಲ್ಲ ಜೀವವಿರುವ ಹಗ್ಗಗಳು. ಹರಿದಲ್ಲಿ ಹೊಸ ನಾರು ಹುಟ್ಟುತ್ತದೆ. ಆದರೆ ಆ ನಾರು ಯಾವ ದಿಕ್ಕಿನಲ್ಲಿ ಹೊಂದಿಕೊಳ್ಳಬೇಕು, ಎಷ್ಟು ಗಟ್ಟಿಯಾಗಬೇಕು ಎಂಬುದನ್ನು ಅದಕ್ಕೆ ತಿಳಿಸುವುದು ಎಳೆತವೇ. ಎಳೆತವೇ ಇಲ್ಲದಿದ್ದರೆ ನಾರು ಅಡ್ಡಾದಿಡ್ಡಿಯಾಗಿ ಬೆಳೆದು ಬಲಹೀನವಾಗುತ್ತದೆ. ಇತ್ತ ಮಲಗಿದವನ ತೊಡೆಯ ಸ್ನಾಯು ಒಂದೆರಡು ವಾರಗಳಲ್ಲೇ ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವೇನಲ್ಲ. ಗರಡಿ ಮನೆಗೆ ಹೊಸದಾಗಿ ಬಂದ ಹುಡುಗನ ಕೈಯಲ್ಲಿ ಉಸ್ತಾದರು ಮೊದಲ ದಿನವೇ ಐನೂರು ಬಸ್ಕಿ ಹೊಡೆಸುತ್ತಿರಲಿಲ್ಲ. ಹತ್ತು, ಹದಿನೈದು, ಇಪ್ಪತ್ತು ಎಂದು ಏರಿಸುತ್ತಿದ್ದರು. ಫಿಸಿಯೋಥೆರಪಿಯೂ ಹಾಗೆಯೇ ಏರಿಸುತ್ತದೆ. ಆರೋಗ್ಯವಂತ ಕಾಲಿನ ಬದಲು ನೊಂದ ಕಾಲಿನಿಂದ ಶುರುಮಾಡುತ್ತದೆ, ಅಷ್ಟೆ.

ಮೊದಲು ವೈದ್ಯರು, ಆಮೇಲೆ ವ್ಯಾಯಾಮ

ಎಲ್ಲ ನೋವಿಗೂ ವ್ಯಾಯಾಮವೇ ಮದ್ದೆಂದು ತಿಳಿಯಕೂಡದು. ಕಾಲು ಉಳುಕಿದಾಗ ಎಲುಬು ಮುರಿದಿರಬಹುದೇ ಎಂದು ಗುರುತಿಸಲು ಕೆನಡಾದ ಒಟ್ಟಾವಾದ ವೈದ್ಯರು ೧೯೯೨ರಲ್ಲಿ ಕೆಲವು ಸುಲಭ ನಿಯಮಗಳನ್ನು ಪ್ರಕಟಿಸಿದರು. ಕಾಲಿನ ಒಳ ಅಥವಾ ಹೊರ ಗಿಣ್ಣಿನ ಹಿಂಬದಿಯ ಅಂಚನ್ನು, ತುದಿಯಿಂದ ೬ ಸೆಂಟಿಮೀಟರು ಮೇಲಿನವರೆಗೆ, ಒತ್ತಿದಾಗ ಎಲುಬಿನಲ್ಲೇ ನೋವಿದ್ದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೂ, ವೈದ್ಯರ ಬಳಿಗೆ ಬಂದಾಗಲೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಪಾದದ ನಡುಭಾಗದ ಎಲುಬುಗಳಿಗೂ ಇಂಥದೇ ನಿಯಮವುಂಟು.

ಇವಲ್ಲದೆ, ಮೊಣಕಾಲಿನಲ್ಲಿ ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಮೊಣಕಾಲು ನಡುವೆಯೇ ಸಿಕ್ಕಿಕೊಂಡು ಚಾಚಲಾಗದಿದ್ದರೆ, ಹಿಮ್ಮಡಿಯ ಮೇಲೆ ಯಾರೋ ಒದ್ದಂತಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ, ಪಾದ ಜೋಮು ಹಿಡಿದಿದ್ದರೆ, ಕೀಲು ಕೆಂಪಾಗಿ ಜ್ವರವೂ ಬಂದರೆ, ಮೀನಖಂಡ ಬಾತು ಬಿಸಿಯಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಗು ಕಾರಣವಿಲ್ಲದೆ ಕುಂಟುತ್ತಿದ್ದರೂ ಉದಾಸೀನ ಸಲ್ಲದು. ಹೊಸ ಗಾಯದ ಮೊದಲ ಎರಡು ಮೂರು ದಿನ ಬಲವಾಗಿ ನೀವುವುದನ್ನೂ ಬಿಸಿ ಕಾವು ಕೊಡುವುದನ್ನೂ ಬಿಡುವುದು ಮೇಲು. ಒಳಗೆ ರಕ್ತ ಜಿನುಗುತ್ತಿರುವಾಗ ಅವು ಊತವನ್ನು ಹೆಚ್ಚಿಸಬಹುದು. ಅಜ್ಜಿಯ ಪ್ರೀತಿಯ ಎಣ್ಣೆಗೆ ಆಮೇಲೆ ಅವಕಾಶ ಇದ್ದೇ ಇದೆ.

ಉಳುಕಿದ ಹರಡು

ಆಟದಲ್ಲಿ ಅತಿ ಸಾಮಾನ್ಯವಾದದ್ದು ಕಾಲಿನ ಹರಡಿನ ಉಳುಕು. ಪಾದ ಒಳಕ್ಕೆ ಮಡಚಿ ಹೊರ ಗಿಣ್ಣಿನ ಕೆಳಗಿನ ಲಿಗಮೆಂಟ್ ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಮೊದಲ ಒಂದೆರಡು ದಿನ ಕಾಲಿಗೆ ಪಟ್ಟಿ ಸುತ್ತಿ, ಎತ್ತರದಲ್ಲಿಟ್ಟು, ನೋವು ಹೆಚ್ಚಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಅದು ನೋವನ್ನು ತಗ್ಗಿಸುತ್ತದೆ. ಬಳಿಕ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ನೋವು ತಾಳಿದಷ್ಟು ನಡೆಯುವುದು.

ಲಿಗಮೆಂಟಿನೊಳಗೆ ಸೂಕ್ಷ್ಮ ನರತುದಿಗಳಿವೆ. ಪಾದ ಯಾವ ಕಡೆಗೆ ವಾಲುತ್ತಿದೆಯೆಂದು ಮಿದುಳಿಗೆ ಕ್ಷಣಕ್ಷಣಕ್ಕೂ ಸುದ್ದಿ ಕಳಿಸುವವು ಅವೇ. ಗಾಯದಲ್ಲಿ ಈ ತಂತಿ ವ್ಯವಸ್ಥೆಯೂ ಕೆಡುತ್ತದೆ. ಊತ ಇಳಿದರೂ ಅದೇ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ಇದನ್ನು ಸರಿಪಡಿಸುವ ಸಾಧನಕ್ಕೆ ಕಾಸಿನ ಖರ್ಚೂ ಇಲ್ಲ: ಒಂಟಿ ಕಾಲಲ್ಲಿ ನಿಲ್ಲುವುದು. ಮೊದಲು ಗೋಡೆ ಹಿಡಿದು, ಅನಂತರ ಹಿಡಿಯದೆ, ಬಳಿಕ ಮಡಿಸಿದ ಕಂಬಳಿಯ ಮೇಲೆ, ಕೊನೆಗೆ ಚೆಂಡು ಹಿಡಿಯುತ್ತ ಎಸೆಯುತ್ತ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಮಾಡಬಹುದು. ಇಂಥ ಸಮತೋಲನದ ಅಭ್ಯಾಸ ಮರು-ಉಳುಕನ್ನು ಕಡಿಮೆ ಮಾಡುತ್ತದೆಂದು ಪರೀಕ್ಷೆಗಳಲ್ಲಿ ಕಂಡಿದೆ. ಅದೇ ಉಳುಕಿಗೆ ಅಲ್ಟ್ರಾಸೌಂಡ್ ಯಂತ್ರ ಹಿಡಿಸಿಕೊಳ್ಳುವುದರಿಂದ ಹೇಳಿಕೊಳ್ಳುವಂಥ ಲಾಭ ಕಂಡುಬಂದಿಲ್ಲ.

ಹಿಮ್ಮಡಿಯ ಹಗ್ಗ

ಓಡುವವರನ್ನು ಕಾಡುವ ಇನ್ನೊಂದು ನೋವು ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಟೆಂಡನ್ನಿನದು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳು ಬಿಗಿ. ಓಡತೊಡಗಿದರೆ ಸ್ವಲ್ಪ ಹಗುರ. ಸಂಜೆಗೆ ಮತ್ತೆ ನೋವು. ಸ್ವೀಡನ್ನಿನ ಉಮಿಯೊ ನಗರದ ವೈದ್ಯ ಹಾಕನ್ ಆಲ್ಫ್ರೆಡ್‌ಸನ್‌ಗೂ ಈ ನೋವಿತ್ತು. ಶಸ್ತ್ರಚಿಕಿತ್ಸೆಗೆ ಮೇಲಿನ ವೈದ್ಯರು ಒಪ್ಪದಿದ್ದಾಗ, ಟೆಂಡನ್ ಹರಿದೇ ಹೋಗಲಿ ಎಂಬ ಹಟದಿಂದ ಆತ ಅದಕ್ಕೆ ಭಾರ ಹೇರಿದರೆಂದೂ, ಹರಿಯುವುದಿರಲಿ, ನೋವೇ ಮಾಯವಾಯಿತೆಂದೂ ವೈದ್ಯರ ವಲಯದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ.

ಕಥೆ ಹೇಗೇ ಇರಲಿ, ೧೯೯೮ರಲ್ಲಿ ಆತ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಬಹುಕಾಲದಿಂದ ನರಳುತ್ತಿದ್ದ ೧೫ ಮಂದಿ ಹವ್ಯಾಸಿ ಆಟಗಾರರು ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿದರು. ಮೊಣಕಾಲು ನೆಟ್ಟಗಿಟ್ಟು ೧೫ರಂತೆ ಮೂರು ಸಲ, ಮೊಣಕಾಲು ಬಗ್ಗಿಸಿ ೧೫ರಂತೆ ಮೂರು ಸಲ. ದಿನಕ್ಕೆರಡು ಹೊತ್ತು, ವಾರದ ಏಳೂ ದಿನ, ೧೨ ವಾರ. ಸುಲಭವೆನಿಸಿದಾಗ ಬೆನ್ನಿಗೆ ಚೀಲ ಹಾಕಿ ಭಾರ ಏರಿಸಿದರು. ಕೊನೆಗೆ ಹದಿನೈದು ಮಂದಿಯೂ ಮತ್ತೆ ಓಡಿದರು. ಎಲ್ಲರಿಗೂ ಹೀಗೆಯೇ ಫಲಿಸುತ್ತದೆಂದಲ್ಲ. ಈಗ ನಿಧಾನವಾಗಿ ಹೆಚ್ಚು ಭಾರವೆತ್ತುವ ಬೇರೆ ಕ್ರಮಗಳೂ ಬಳಕೆಯಲ್ಲಿವೆ. ಇವೆಲ್ಲ ಬೇಡುವುದು ವಾರಗಳ ತಾಳ್ಮೆಯನ್ನು.

ಮಂಡಿಚಿಪ್ಪಿನ ನೋವು

ಮೆಟ್ಟಿಲಿಳಿಯುವಾಗ, ಬಸ್ಕಿ ಹೊಡೆಯುವಾಗ, ಸಿನಿಮಾ ಮಂದಿರದಲ್ಲಿ ಮೂರು ಗಂಟೆ ಕೂತು ಏಳುವಾಗ ಮಂಡಿಚಿಪ್ಪಿನ ಸುತ್ತ ನೋಯುವುದು ಓಟಗಾರರಲ್ಲಿಯೂ ಹದಿಹರೆಯದವರಲ್ಲಿಯೂ ಬಹಳ. ಚಿಪ್ಪು ಸವೆದೇ ಹೋಯಿತೆಂದು ಹೆದರುವವರುಂಟು. ಹೆಚ್ಚಿನವರಲ್ಲಿ ಅಂಥದ್ದೇನೂ ಆಗಿರುವುದಿಲ್ಲ. ಓಟವನ್ನು ಒಮ್ಮೆಗೇ ಹೆಚ್ಚಿಸಿದ್ದು, ತೊಡೆ ಮತ್ತು ಸೊಂಟದ ಸ್ನಾಯು ಅದಕ್ಕೆ ಸಿದ್ಧವಿಲ್ಲದಿದ್ದುದು, ಇವು ಸಾಮಾನ್ಯ ಕಾರಣಗಳು. ಆದುದರಿಂದ ಓಟವನ್ನು ಪೂರ್ತಿ ಬಿಡದೆ ತಗ್ಗಿಸಬೇಕು. ಮೊಣಕಾಲಿನ ವ್ಯಾಯಾಮದ ಜೊತೆಗೆ ಪೃಷ್ಠದ ಸ್ನಾಯುವನ್ನೂ ಬಲಪಡಿಸಬೇಕು: ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು. ನೋವು ಮಂಡಿಯಲ್ಲಿದ್ದರೂ ಮದ್ದು ಸೊಂಟದಲ್ಲಿದೆ ಎಂದರೆ ಮೊದಲಿಗೆ ನಂಬುವುದು ಕಷ್ಟ. ಆದರೆ ತೊಡೆಯೆಲುಬನ್ನು ಒಳಕ್ಕೆ ವಾಲದಂತೆ ಹಿಡಿದಿಡುವ ಲಗಾಮು ಇರುವುದು ಅಲ್ಲಿಯೇ.

ಎಷ್ಟು ನೋವನ್ನು ತಾಳಬಹುದು? ಅನೇಕ ಫಿಸಿಯೋಥೆರಪಿಸ್ಟರು ಬಳಸುವ ಅಳತೆಗೋಲು ಇದು. ಹತ್ತರಲ್ಲಿ ಮೂರರಷ್ಟು ನೋವಿದ್ದರೆ ಮುಂದುವರಿಯಬಹುದು, ಅದು ಮರುದಿನ ಬೆಳಗಿನೊಳಗೆ ಇಳಿದಿರಬೇಕು. ಮರುದಿನ ಹೆಚ್ಚಿದ್ದರೆ ಅಥವಾ ಊದಿದ್ದರೆ ನಿನ್ನೆಯ ದುಡಿಮೆ ಜಾಸ್ತಿಯಾಯಿತೆಂದು ತಿಳಿದು ಇಳಿಸಬೇಕು.

ನೋವು ಹೋದರೆ ಅರ್ಧ ದಾರಿ

ನಮ್ಮಲ್ಲಿ ಹಲವರು ಎಡವುವುದು ಇಲ್ಲಿಯೇ. ನೋವು ನಿಂತಿತು, ಫಿಸಿಯೋಥೆರಪಿಯೂ ನಿಂತಿತು; ಮುಂದಿನ ಭಾನುವಾರವೇ ಆಟ! ಆದರೆ ನೋವು ಹೋಗುವುದು ಮೊದಲು, ಬಲ ಬರುವುದು ಬಹಳ ಆಮೇಲೆ.

ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಲಿಗಮೆಂಟ್ ಹರಿದವರ ವಿಷಯದಲ್ಲಿ ಇದು ಸ್ಪಷ್ಟ. ಕಬಡ್ಡಿ, ಫುಟ್ಬಾಲು, ಬಾಸ್ಕೆಟ್‌ಬಾಲುಗಳಲ್ಲಿ ಓಡುತ್ತ ಥಟ್ಟನೆ ತಿರುಗಿದಾಗ, ಜಿಗಿದು ತಪ್ಪಾಗಿ ಇಳಿದಾಗ ಇದು ಹರಿಯುತ್ತದೆ. ಒಂದೇ ಆಟವಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯಾದವರನ್ನು ಗಮನಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮರು-ಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ತೊಡೆಯ ಬಲ ಒಳ್ಳೆಯ ಕಾಲಿಗೆ ಸರಿಸಮವಾದವರಿಗೂ ಅಪಾಯ ಕಡಿಮೆ. ಪರೀಕ್ಷೆ, ಪಂದ್ಯ, ಕಾಲೇಜಿನ ಕ್ರೀಡಾ ಮೀಸಲಾತಿ ಎಂದು ಆರನೆಯ ತಿಂಗಳಿಗೇ ಮೈದಾನಕ್ಕೆ ಕಳಿಸುವ ತಂದೆತಾಯಿಗಳು ಈ ಮಾತನ್ನು ಮರೆಯಬಾರದು.

ನಮ್ಮವರೇ ಆದ ಕೆ. ಎಲ್. ರಾಹುಲರ ಉದಾಹರಣೆ ಕಣ್ಣ ಮುಂದಿದೆ. ೨೦೨೩ರ ಮೇ ೧ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ಅವರ ಬಲ ತೊಡೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆಯೂ ನಡೆಯಿತು. ಅನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ. ಸೆಪ್ಟೆಂಬರಿನಲ್ಲಿ ಕೊಲಂಬೊದ ಏಷ್ಯಾ ಕಪ್ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ ೧೧೧ ಓಟ ಹೊಡೆದರು. ಪತ್ರಿಕೆಗಳಲ್ಲಿ ಬಂದದ್ದು ಆ ೧೧೧ ಓಟಗಳ ಚಿತ್ರ. ಅದರ ಹಿಂದಿನ ನಾಲ್ಕು ತಿಂಗಳನ್ನು ನಮ್ಮ ಮಕ್ಕಳಿಗೆ ನಾವೇ ಹೇಳಬೇಕು.

ಬರುವ ಮುಂಚೆ

ಗಾಯವಾದ ಮೇಲೆ ಪರದಾಡುವುದಕ್ಕಿಂತ ಮೊದಲೇ ಕಾಲನ್ನು ಸಿದ್ಧಗೊಳಿಸುವುದು ಜಾಣತನ. ಫಿಫಾ ಸಂಸ್ಥೆ ರೂಪಿಸಿದ ಇಪ್ಪತ್ತು ನಿಮಿಷಗಳ ಪೂರ್ವಾಭ್ಯಾಸವೊಂದಿದೆ: ಓಟ, ಒಂಟಿ ಕಾಲ ನಿಲುವು, ಬಸ್ಕಿ, ಜಿಗಿತ, ತೊಡೆಯ ಹಿಂಬದಿಯ ವ್ಯಾಯಾಮ. ನಾರ್ವೆಯಲ್ಲಿ ೧೩ರಿಂದ ೧೭ರ ವಯಸ್ಸಿನ ಸುಮಾರು ೧೯೦೦ ಫುಟ್ಬಾಲ್ ಹುಡುಗಿಯರಲ್ಲಿ ಇದನ್ನು ಪರೀಕ್ಷಿಸಿ ೨೦೦೮ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದನ್ನು ಮಾಡಿದವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಪಾಲು, ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾಗಿದ್ದವು. ಇದಕ್ಕೆ ಬೇಕಾದದ್ದು ಒಂದು ಬಯಲು, ಇಪ್ಪತ್ತು ನಿಮಿಷ, ದಿನವೂ ಮಾಡಿಸುವ ಒಬ್ಬ ಹಿರಿಯರು.

ಒಳ್ಳೆಯ ಫಿಸಿಯೋಥೆರಪಿಸ್ಟರು ಯಂತ್ರದ ಕೆಳಗೆ ಮಲಗಿಸಿ ಕಳಿಸುವುದಿಲ್ಲ. ವ್ಯಾಯಾಮ ಕಲಿಸುತ್ತಾರೆ, ವಾರ ಕಳೆದು ಬಂದಾಗ ಮಾಡಿಸಿ ನೋಡುತ್ತಾರೆ, ಭಾರ ಏರಿಸುತ್ತಾರೆ. ಮನೆಯಲ್ಲಿ ಅದನ್ನು ಮಾಡಿಸುವ ಹೊಣೆ ನಮ್ಮದು. ಪರ ಊರಿನಲ್ಲಿ ನೆಂಟರಿಷ್ಟರಿಂದ ದೂರವಿರುವ ಸಂಸಾರದಲ್ಲಿ ಮಕ್ಕಳಿಗೆ ಗೆಳೆಯರು ಸಿಗುವುದು ಹೆಚ್ಚಾಗಿ ಆಟದ ಬಯಲಿನಲ್ಲಿಯೇ. ಕಾಲು ನೊಂದಾಗ, “ಆಟ ಬಿಡು” ಎನ್ನುವ ಮೊದಲು, “ಯಾವಾಗ, ಹೇಗೆ ಮತ್ತೆ ಆಡಬಹುದು?” ಎಂದು ಬಲ್ಲವರನ್ನು ಕೇಳೋಣ. ಈ ಲೇಖನ ಓದಿ ಒಂದು ಮನೆಯ ಹುಡುಗಿಯಾದರೂ ಮರಳಿ ಬಯಲಿಗಿಳಿದರೆ ಬರೆದದ್ದು ಸಾರ್ಥಕ.