ಯುದ್ಧನೌಕೆಯ ಅಡುಗೆಯವರು

ಯುದ್ಧನೌಕೆಯಲ್ಲಿ ಅಡುಗೆ ಮಾಡುವವನೂ ಸಮವಸ್ತ್ರ ತೊಟ್ಟ ನಾವಿಕನೇ. ಭಾರತೀಯ ನೌಕಾಪಡೆಯಲ್ಲಿ ಅಡುಗೆ ಮತ್ತು ರೇಷನ್ ಲೆಕ್ಕ ಅವನ ಮುಖ್ಯ ಕೆಲಸ. ಜೊತೆಗೆ ಬಂದೂಕು ಹಿಡಿಯುವುದನ್ನೂ ಬೆಂಕಿ ಆರಿಸುವುದನ್ನೂ ಕಲಿತಿರಬೇಕು. ಆದರೆ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡಲಿಲ್ಲದ ತಾಲ್ಲೂಕುಗಳು. ಸೂಳೆಕೆರೆಯೇ ಇಲ್ಲಿಯ ದೊಡ್ಡ ನೀರು. ಇಂಥ ಕಡೆ ಮಿಲಿಟರಿ ಎಂದರೆ ಗಡಿ ಕಾಯುವ ಭೂಸೇನೆ ಎಂದೇ ಲೆಕ್ಕ. ಹಾಗಿದ್ದರೂ ‘ಅಪ್ಪ ನೇವಿಯಲ್ಲಿ ಅಡುಗೆ ಮಾಡ್ತಿದ್ರು’ ಎಂದು ಹೇಳುವ ಮಕ್ಕಳು ದನಿ ತಗ್ಗಿಸಬೇಕಾಗಿಲ್ಲ.

ಊಟದ ಬೆಲೆ ಏನೆಂಬುದು ಎರಡನೇ ಮಹಾಯುದ್ಧ ಮುಗಿದ ಮರುವರ್ಷವೇ ನೌಕಾಪಡೆಗೆ ಗೊತ್ತಾಯಿತು. 1946ರ ಫೆಬ್ರವರಿ 18ರಂದು ಬೊಂಬಾಯಿಯ ‘ತಲ್ವಾರ್’ ಕೇಂದ್ರದ ನಾವಿಕರು ಕೆಟ್ಟ ಊಟವನ್ನೂ ಬ್ರಿಟಿಷ್ ಅಧಿಕಾರಿಯ ಬೈಗುಳವನ್ನೂ ಪ್ರತಿಭಟಿಸಿ ಮುಷ್ಕರ ಹೂಡಿದರು. ಅದು 78 ಹಡಗುಗಳಿಗೂ ಸುಮಾರು 20,000 ನಾವಿಕರಿಗೂ ಹಬ್ಬಿತು.

ಸ್ವಾತಂತ್ರ್ಯಾನಂತರ ಪಡೆಗೆ ಬಂದ ದೊಡ್ಡ ಹಡಗುಗಳಲ್ಲಿ ಕನ್ನಡಿಗರಿಗೆ ಹತ್ತಿರದ್ದು 1957ರಲ್ಲಿ ಸೇವೆಗೆ ಸೇರಿದ ಐಎನ್ಎಸ್ ಮೈಸೂರು. ಅದರ ಲಾಂಛನ ಗಂಡಭೇರುಂಡ. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾಬಲದ ಮುಂಚೂಣಿ ಹಡಗಾಗಿತ್ತು. ಅದೇ ಯುದ್ಧದಲ್ಲಿ, ಡಿಸೆಂಬರ್ 9ರಂದು, ದೀವ್ ಬಳಿ ಐಎನ್ಎಸ್ ಖುಕ್ರಿ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರು. ಹಡಗು ಮುಳುಗುವಾಗ ತೋಪಿನ ಹತ್ತಿರವಿದ್ದವನಿಗೂ ಒಲೆಯ ಹತ್ತಿರವಿದ್ದವನಿಗೂ ಅಪಾಯ ಒಂದೇ.

ಯುದ್ಧ ಮುಗಿದರೂ ಗ್ಯಾಲಿಯ ಕೆಲಸ ಹಗುರಾಗುವುದಿಲ್ಲ. ಗ್ಯಾಲಿ ಎಂದರೆ ಹಡಗಿನ ಅಡುಗೆಮನೆ. ಸುತ್ತ ಕಬ್ಬಿಣದ ಗೋಡೆ, ಕೆಳಗೆ ಓಲಾಡುವ ನೆಲ. ಅಲೆ ಜೋರಾದರೆ ಪಾತ್ರೆ ಜಾರದಂತೆ ಒಲೆಯ ಮೇಲೆ ಅಡ್ಡಪಟ್ಟಿ ಸಿಕ್ಕಿಸುತ್ತಾರೆ. ಸಾರು ತುಳುಕದಂತೆ ಪಾತ್ರೆಯನ್ನು ಪೂರ್ತಿ ತುಂಬುವುದಿಲ್ಲ. ಬಂದರು ಬಿಟ್ಟ ಕೆಲವು ದಿನಗಳಲ್ಲೇ ಸೊಪ್ಪು ಮುಗಿಯುತ್ತದೆ. ಆಮೇಲೆ ಈರುಳ್ಳಿ, ಆಲೂಗಡ್ಡೆ, ಬೇಳೆಯಲ್ಲೇ ದಿನಕ್ಕೊಂದು ರುಚಿ ಹುಟ್ಟಿಸಬೇಕು. ಸಿಹಿನೀರನ್ನು ಸಮುದ್ರದ ನೀರಿನಿಂದಲೇ ತಯಾರಿಸಿಕೊಳ್ಳಬೇಕಾದ್ದರಿಂದ ಅಕ್ಕಿ ತೊಳೆಯುವಾಗಲೂ ಹಿಡಿತ ಬೇಕು. ಪಾಳಿ ಹಗಲುರಾತ್ರಿ ಬದಲಾಗುವುದರಿಂದ ನಡುರಾತ್ರಿ ಕೆಲಸಕ್ಕಿಳಿಯುವವನಿಗೂ ಬಿಸಿ ಚಹಾ ಸಿಗಬೇಕು. ತಿಂಗಳುಗಟ್ಟಲೆ ನೆಲ ಕಾಣದವರಿಗೆ ಮನೆಯ ನೆನಪು ತರುವ ಊಟ ಕೊಡುವುದು ಸಣ್ಣ ಸೇವೆಯಲ್ಲ.

ಕೆಲಸದ ಗಾತ್ರ ತಿಳಿಯಲು ಕಾರವಾರದ ಕದಂಬ ನೌಕಾನೆಲೆಯ ವಿಮಾನವಾಹಕ ಹಡಗು ಐಎನ್ಎಸ್ ವಿಕ್ರಮಾದಿತ್ಯವನ್ನು ನೋಡಬಹುದು. ಅದರಲ್ಲಿರುವ 1,600ಕ್ಕೂ ಹೆಚ್ಚು ಮಂದಿಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು.

ಹೀಗೆ ಗ್ಯಾಲಿಯಲ್ಲಿ ದುಡಿದ ತಂದೆಯ ಸೇವೆಯ ವಿವರ ಹುಡುಕುವವರಿಗೆ ಮನೆಯ ಟ್ರಂಕೇ ಮೊದಲ ದಾಖಲೆ. ಅದರಲ್ಲಿ ಪಶ್ಚಿಮಿ ಸ್ಟಾರ್ ಪದಕ ಇದ್ದರೆ 1971ರಲ್ಲಿ ಅವರು ಪಶ್ಚಿಮ ರಂಗದಲ್ಲಿದ್ದರು, ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾ ಕಡೆ. ಯುದ್ಧದ ನಂತರ ಸೇರಿದವರಿಗೆ ಇವು ಇರುವುದಿಲ್ಲ. ಒಂಬತ್ತು ವರ್ಷದ ಸೇವಾಪದಕ ಸಿಕ್ಕೀತು. ನಾವಿಕರ ಸೇವಾ ದಾಖಲೆಗಳು ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೈಲರ್ಸ್ ಕಚೇರಿಯಲ್ಲಿವೆ. ಅರ್ಜಿಯಲ್ಲಿ ಅವರ ಹೆಸರಿನ ಜೊತೆ ಪರ್ಸನಲ್ ನಂಬರ್ ಬರೆಯಬೇಕು. ಆ ನಂಬರ್ ಪಿಂಚಣಿ ಆದೇಶದಲ್ಲಿ ಇರುತ್ತದೆ.